ನಡಾವಳಿಯಲ್ಲಿಲ್ಲದ ಮಾತು

ಸಿಂಗಪುರ
14 ಸೆಪ್ಟೆಂಬರ್ 2025, ಭಾನುವಾರ

ಚಿ. ಶೋಭಾಗೆ,

ನಿನ್ನ ಅಕ್ಕ ವತ್ಸಲಾ ಮಾಡುವ ಆಶೀರ್ವಾದಗಳು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ, ಸ್ಕೂಲಿನ ಮೆಟ್ಟಿಲು ಹತ್ತುವುದಕ್ಕೆ ಆಗುತ್ತಿದೆಯೇ ಎಂದು ಕೇಳಬೇಕು ಅನ್ನಿಸುತ್ತದೆ. ಎಂಟು ತಿಂಗಳು ಬಾಯಿ ಬಿಡದವಳು ಈಗ ಮಂಡಿ ವಿಚಾರಿಸುತ್ತಾಳಲ್ಲ ಎಂದು ನೀನು ನಗುತ್ತೀಯ. ನಗು, ಪರವಾಗಿಲ್ಲ. ನಗಿಸಿದರೂ ಸಾಕು ಅನ್ನುವ ಸ್ಥಿತಿಯಲ್ಲಿದ್ದೇನೆ.

ಜನವರಿಯಲ್ಲಿ ಅಮ್ಮನ ವರ್ಷಾಬ್ದಿಕ ಮುಗಿಸಿಕೊಂಡು ಮೈಸೂರಿನಿಂದ ಹೊರಟವಳು ನಿನಗೆ ಫೋನು ಮಾಡಲಿಲ್ಲ. ನೀನೂ ಮಾಡಲಿಲ್ಲ. ಯುಗಾದಿಗೆ ನಾನು ಬೇವುಬೆಲ್ಲದ ಫೋಟೋ ಕಳಿಸಿದೆ, ನೀನು ಕೈ ಮುಗಿದ ಚಿತ್ರ ಕಳಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ಮ್ಯಾನೇಜರನೂ ನನಗೆ ಅದೇ ಚಿತ್ರ ಕಳಿಸುತ್ತಾನೆ. ಆವತ್ತು ಪಂಕ್ತಿಯಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಫೋನಿನಲ್ಲಿ ಆ ಮಾತು ಬಂದರೆ ನಾನು "ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ" ಎಂದು ಜಾರಿಕೊಳ್ಳುವವಳು. ಅದಕ್ಕೇ ಕಾಗದ. ಅಂಗಡಿಯಲ್ಲಿ ಗೆರೆ ಹಾಕಿದ ಹಾಳೆ ಕೇಳಿದರೆ ಆ ಹುಡುಗಿ ನನ್ನನ್ನು ಯಾವುದೋ ಮ್ಯೂಸಿಯಮ್ಮಿನಿಂದ ತಪ್ಪಿಸಿಕೊಂಡು ಬಂದವಳಂತೆ ನೋಡಿದಳು.

ಮೊದಲು ಇಲ್ಲಿಯ ಸುದ್ದಿ ಹೇಳುತ್ತೇನೆ, ಏಕೆಂದರೆ ಈ ತಿಂಗಳ ಮೊದಲ ವಾರ ನನ್ನ ಆಫೀಸಿನಲ್ಲಿ ನಡೆದದ್ದು ನಡೆಯದಿದ್ದರೆ ಈ ಕಾಗದವೇ ಹುಟ್ಟುತ್ತಿರಲಿಲ್ಲ. "ಅಕ್ಕ, ನೀನು ಆಫೀಸಲ್ಲಿ ಮಾಡೋದಾದ್ರೂ ಏನು?" ಎಂದು ನೀನು ಹಿಂದೆ ಎಷ್ಟು ಸಲ ಕೇಳಿದ್ದೀಯ. ಪ್ರತಿ ಸಲವೂ "ಮೀಟಿಂಗು, ಮಿನಿಟ್ಸು" ಎಂದು ತೇಲಿಸಿಬಿಟ್ಟಿದ್ದೇನೆ. ಈ ಸಲ ಪೂರ್ತಿ ಹೇಳುತ್ತೇನೆ, ಕೇಳು.

ಪೆಸಿಫಿಕ್ ಸಾಗರದಲ್ಲಿ ಸಣ್ಣ ಸಣ್ಣ ದ್ವೀಪದೇಶಗಳಿವೆ. ಅವುಗಳಲ್ಲಿ ಏಳು ಸೇರಿ ಒಂದು ಕೂಟ ಕಟ್ಟಿಕೊಂಡಿವೆ. ಕೆಲವು ದೇಶಗಳ ಪೂರ್ತಿ ಜನಸಂಖ್ಯೆ ನಮ್ಮ ಸರಸ್ವತಿಪುರಂನಷ್ಟೂ ಇಲ್ಲ. ಆದರೆ ಸುತ್ತಲಿನ ಅವರ ಪಾಲಿನ ಸಮುದ್ರದಲ್ಲಿ ನಾಲ್ಕು ಕರ್ನಾಟಕ ಮುಳುಗಿಸಬಹುದು, ಅದರ ತುಂಬ ಟ್ಯೂನಾ ಮೀನು. ಅದಕ್ಕಾಗಿ ದೂರದ ದೊಡ್ಡ ದೇಶಗಳ ಹಡಗುಗಳು ಬರುತ್ತವೆ. ಒಬ್ಬೊಬ್ಬರಾಗಿ ಮಾತಿಗೆ ಹೋದರೆ ದೊಡ್ಡವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಾರೆ. ಏಳು ಜನ ಒಟ್ಟಿಗೆ ಹೋದರೆ ಕುರ್ಚಿ ಹಾಕುತ್ತಾರೆ. ಕೂಟ ಇರುವುದು ಇದಕ್ಕೆ. ಉತ್ತರದಲ್ಲಿ ಮೂರು ತೀರ ಸಣ್ಣವು, ಅವರಿಗೆ ತಮಾಲು ಎಂಬ ದೇಶ ಹಿರಿಯಣ್ಣ. ದಕ್ಷಿಣದಲ್ಲಿ ನಾಲ್ಕು ಸ್ವಲ್ಪ ದೊಡ್ಡವು, ಅವರಿಗೆ ಹಾವೆರೋ ಹಿರಿಯಣ್ಣ. ತಮ್ಮ ತಮ್ಮ ದೇಶದಲ್ಲಿ ಸಭೆ ಇಟ್ಟರೆ ಅತಿಥಿ ಯಾರು ಮನೆಯವರು ಯಾರು ಎಂಬ ತಕರಾರು. ಆದ್ದರಿಂದ ಮುಖ್ಯ ಸಭೆಗಳು ಇಲ್ಲಿಯ ಒನ್-ನಾರ್ತ್ ಬಡಾವಣೆಯಲ್ಲಿರುವ ನಮ್ಮ ಸಂಸ್ಥೆಯಲ್ಲಿ ನಡೆಯುತ್ತವೆ. ಮೀಟಿಂಗ್ ಹಾಲು, ಊಟ, ಮೈಕು, ನಡಾವಳಿ ನಮ್ಮದು. ಜಗಳ ಅವರದು.

ನಡಾವಳಿ ಬರೆಯುವವಳು ನಾನು. ಹನ್ನೊಂದು ವರ್ಷದಿಂದ.

ಆ ಜನರಲ್ಲಿ ಕೈ ಎತ್ತಿ ಓಟು ಹಾಕುವ ಪದ್ಧತಿ ಇಲ್ಲ, ಶೋಭಾ. ಒಬ್ಬರು ಒಪ್ಪದಿದ್ದರೂ ಮಾತು ಮುಂದುವರಿಯುತ್ತದೆ. ಪ್ರಾರ್ಥನೆ, ಮಾತು, ಊಟ, ಹಾಡು, ಮತ್ತೆ ಮಾತು. ನಮ್ಮ ಕಡೆ ಹೆಣ್ಣು ಒಪ್ಪಿಸುವ ಮಾತುಕತೆಯಲ್ಲಿ ಮೂರನೆಯ ಸಲ ಕಾಫಿ ಬಂದ ಮೇಲೆ ಅಸಲು ವಿಷಯ ಬರುತ್ತದಲ್ಲ, ಹಾಗೆ. ಹಿರಿಯರು ಬಾಯಿಮಾತಿನಲ್ಲಿ ಕೊಟ್ಟದ್ದು ಬರೆದುಕೊಟ್ಟದ್ದಕ್ಕಿಂತ ಗಟ್ಟಿ. ಬರೆಸಿಕೊಳ್ಳುವುದೆಂದರೆ ಎದುರಿನವರ ಮೇಲೆ ನಂಬಿಕೆ ಇಲ್ಲ ಎಂದು ಹೇಳಿದಂತೆ.

ಆರು ವರ್ಷದ ಹಿಂದೆ ಕೂಟದ ಮಹಾಕಾರ್ಯದರ್ಶಿಯ ಜಾಗ ಖಾಲಿಯಾಯಿತು. ಸರದಿ ಪ್ರಕಾರ ಅದು ಉತ್ತರದವರಿಗೆ ಹೋಗಬೇಕಿತ್ತು. ಆದರೆ ಆ ವರ್ಷ ಹಾವೆರೋದ ಮೇಲೆ ದೊಡ್ಡ ಬಿರುಗಾಳಿ ಬಡಿದು ಅರ್ಧ ದೇಶ ಚಾವಣಿ ಇಲ್ಲದೆ ಕೂತಿತ್ತು. ಸಭೆಯ ಎರಡನೆಯ ದಿನ ಹಾವೆರೋದ ಹಿರಿಯ ಮಂತ್ರಿ ಸಿಯೋನೆ ಮತ್ತು ತಮಾಲುವಿನ ಹಿರಿಯ ಟೆಕಾರಾ ಪಕ್ಕದ ಸಣ್ಣ ಕೋಣೆಯಲ್ಲಿ ಬೇರೆ ಕೂತರು. ಅಲ್ಲಿದ್ದವರು ನಾಲ್ಕೇ ಜನ: ಅವರಿಬ್ಬರು, ಸಿಯೋನೆಯ ಹಿಂದೆ ಅವರ ಕಡೆಯ ಒಬ್ಬ ಯುವ ಅಧಿಕಾರಿ, ಮೂಲೆಯಲ್ಲಿ ನಾನು. ಸಿಯೋನೆ ಕಣ್ಣೀರು ಹಾಕಿಕೊಂಡು, ಈ ಸಲ ಆ ಜಾಗ ನಮಗೇ ಬಿಟ್ಟುಕೊಡಿ, ನಮ್ಮ ಜನಕ್ಕೆ ಸ್ವಲ್ಪ ಧೈರ್ಯ ಬರುತ್ತದೆ, ಮುಂದಿನ ಸರದಿ ಉತ್ತರದ್ದು, ಇದು ನನ್ನ ಮಾತು ಎಂದರು. ಟೆಕಾರಾ ಒಪ್ಪಿಕೊಂಡರು. ನಾನು ಬರೆಯಲು ಪೆನ್ನು ಎತ್ತಿದೆ. ಟೆಕಾರಾ ನನ್ನ ಕಡೆ ತಿರುಗಿ, "ಇದನ್ನು ಬರೆಯಬೇಡ ಮಗಳೇ. ಬರೆದರೆ ಇವನಿಗೆ ಅವಮಾನ" ಎಂದರು.

ಹಿರಿಯರು ಬೇಡ ಅಂದ ಮೇಲೆ ಬೇಡ, ಅಲ್ಲವೇ? ನಮ್ಮನ್ನು ಬೆಳೆಸಿದ್ದೇ ಹಾಗೆ. ನಾನು ನಡಾವಳಿಯಲ್ಲಿ ಬರೆಯಲಿಲ್ಲ.

ಆದರೆ ನನ್ನ ಕಚ್ಚಾ ಪುಸ್ತಕದಲ್ಲಿ ಬರೆದಿದ್ದೆ. ನಿನಗೆ ಗೊತ್ತಲ್ಲ, ನನಗೆ ಬರೆಯದೆ ಏನೂ ತಲೆಯಲ್ಲಿ ನಿಲ್ಲುವುದಿಲ್ಲ. ಸಭೆಯಲ್ಲಿ ಕಚ್ಚಾ ಟಿಪ್ಪಣಿಯನ್ನು ಕನ್ನಡದಲ್ಲಿ ಗೀಚುತ್ತೇನೆ, ಸಂಜೆ ಇಂಗ್ಲಿಷಿನಲ್ಲಿ ಶುದ್ಧಪ್ರತಿ ಮಾಡುತ್ತೇನೆ. ಪಕ್ಕದವರು ಬಗ್ಗಿ ನೋಡಿದರೂ ತಿಳಿಯಬಾರದು ಎಂಬ ಜಾಣತನ. ಜಾಣತನ ಹೆಚ್ಚಾಗಿ ಅದರಲ್ಲಿ ಸಭೆಗೆ ಸಂಬಂಧಿಸದ್ದೂ ಬಹಳ ಇರುತ್ತದೆ, ಅದು ಬೇರೆ ಮಾತು.

ಸಿಯೋನೆ ಕೋವಿಡ್ ಕಾಲದಲ್ಲಿ ತೀರಿಕೊಂಡರು. ಈ ವರ್ಷ ಜಾಗ ಮತ್ತೆ ಖಾಲಿಯಾಯಿತು. ಟೆಕಾರಾ ತಮ್ಮವರ ಹೆಸರು ಸೂಚಿಸಿ, ಸಿಯೋನೆ ಮಾತು ಕೊಟ್ಟಿದ್ದರು ಎಂದು ಬರೆದರು. ಹಾವೆರೋದ ಈಗಿನ ಮಂತ್ರಿ ವಿಲಿಯಾಮಿ, ಅಂಥ ಮಾತು ನಮಗೆ ತಿಳಿಯದು ಎಂದ. ಮಾರ್ಚಿನಲ್ಲಿ ಅವನ ಕಚೇರಿಯಿಂದ ನನಗೆ ಈಮೇಲ್ ಬಂತು: ಆ ಸಭೆಯ ನಡಾವಳಿಯಲ್ಲಿ ಇಂಥ ಭರವಸೆಯ ಪ್ರಸ್ತಾಪ ಇದೆಯೇ? ನಾನು ಒಂದೇ ಸಾಲಿನ ಉತ್ತರ ಬರೆದೆ. "ಅಂಗೀಕೃತ ನಡಾವಳಿಯಲ್ಲಿ ಅಂಥ ಪ್ರಸ್ತಾಪ ಇಲ್ಲ."

ಆ ಸಾಲು ನೋಡು. ಒಂದಕ್ಷರ ಸುಳ್ಳಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವತ್ತು ನನಗೆ ನನ್ನ ಮೇಲೇ ಮೆಚ್ಚುಗೆಯಾಗಿತ್ತು, ನಿಜ ಹೇಳುತ್ತೇನೆ. ಕಳಿಸಿದ ಮೇಲೆ ಕೆಳಗೆ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಹೋಗಿ ಒಂದು ಟೀ ಕುಡಿದು ಬಂದೆ.

ಆಗಸ್ಟ್ ಹೊತ್ತಿಗೆ ಗಾಳಿ ತಿರುಗಿತು. ಉತ್ತರದ ಮೂರು ದೇಶಗಳು ಸೇರಿ ಒಂದು ಪತ್ರ ಬರೆದವು: ಕೊಟ್ಟ ಮಾತು ಸೆಪ್ಟೆಂಬರ್ ಸಭೆಯಲ್ಲಿ ನಡೆಯದಿದ್ದರೆ ಅದರ ಕೊನೆಯ ದಿನ, ಶುಕ್ರವಾರ ಸಂಜೆಯೊಳಗೆ ಕೂಟ ಬಿಡುತ್ತೇವೆ. ಮೀನಿನ ಹಡಗಿನವರು ಅದಕ್ಕೇ ಕಾಯುತ್ತಿದ್ದರು. ಮೂರು ಹೋದರೆ ಉಳಿದ ನಾಲ್ಕನ್ನು ಒಂದೊಂದಾಗಿ ಮಾತಾಡಿಸಬಹುದು. ಸಭೆಯ ತಯಾರಿಗೆ ಕೂತಾಗ ನನಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಮಾತು ಕೊಟ್ಟವರು ಇಲ್ಲ. ಕೇಳಿಸಿಕೊಂಡವರು ಎಪ್ಪತ್ತೊಂಬತ್ತು ವರ್ಷದ ಮುದುಕರು, ಅವರ ಮಾತನ್ನು ಯಾರೂ ನಂಬುತ್ತಿಲ್ಲ. ಮೂಲೆಯಲ್ಲಿದ್ದವಳು ಬಾಯಿ ಮುಚ್ಚಿಕೊಂಡು ಬಿಸ್ಕತ್ತಿನ ಆರ್ಡರ್ ಕೊಡುತ್ತಿದ್ದಾಳೆ.

ನಮ್ಮ ಡೈರೆಕ್ಟರ್ ಮಿಸ್ ಟಾನ್‌ಗೆ ಮೊದಲು ಹೇಳಿದೆ. ಒಳ್ಳೆಯ ಹೆಂಗಸು, ಆದರೆ ನಿಯಮದ ಗೆರೆ ದಾಟುವವಳಲ್ಲ. ಎಲ್ಲ ಕೇಳಿಸಿಕೊಂಡು, "ವತ್ಸಲಾ, ನಾವು ಮೇಜು ಲಾ. ಅವರು ಮೇಜಿನ ಸುತ್ತ ಕೂರ್ತಾರೆ, ಜಗಳ ಆಡ್ತಾರೆ, ಎದ್ದು ಹೋಗ್ತಾರೆ. ಮೇಜು ಮಾತಾಡಿದ್ರೆ ಮತ್ತೆ ಯಾರೂ ಬಂದು ಕೂರಲ್ಲ" ಎಂದಳು, ಇಲ್ಲಿಯವರ ಬಾಯಿಗೆ ಅಂಟಿದ ಆ 'ಲಾ' ಸೇರಿಸಿ. ತಪ್ಪು ಅನ್ನುವುದಕ್ಕಾಗದು. ಒಬ್ಬರ ಪರ ಸಾಕ್ಷಿ ಹೇಳಿದ ನಡಾವಳಿಗಾರ್ತಿಯನ್ನು ಇನ್ನೊಬ್ಬರು ಯಾಕೆ ಕೂರಿಸಿಕೊಂಡಾರು?

ಮನೆಗೆ ಬಂದು ನಿಮ್ಮ ಭಾವನಿಗೆ ಹೇಳಿದೆ. ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್ನು ಬಿಚ್ಚಿ ಜೋಡಿಸುವ ಮನುಷ್ಯ. ಬಾಯಲ್ಲಿ ಚಪಾತಿ ಇಟ್ಟುಕೊಂಡೇ, "ನೋಡು ವತ್ಸು, ನಮ್ಮಲ್ಲಿ ಒಂದು ಬೋಲ್ಟ್ ಲೂಸ್ ಇದೆ ಅಂತ ಡೌಟ್ ಬಂದ್ರೆ ರಿಪೋರ್ಟ್ ಮಾಡ್ಲೇಬೇಕು. ಬಟ್ ನಿನ್ ಕಾಂಟ್ರ್ಯಾಕ್ಟು ಮಾರ್ಚಲ್ಲಿ ರಿನ್ಯೂವಲ್ಲಿಗೆ ಬರುತ್ತೆ, ಅದನ್ನೂ ಯೋಚ್ನೆ ಮಾಡು" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮ ಭಾವನನ್ನು ಮೀರಿಸುವವರಿಲ್ಲ. ಶ್ರೀಯಾ ರಾಫೆಲ್ಸ್ ಪ್ಲೇಸ್‌ನ ಬ್ಯಾಂಕಿನಿಂದ ಆಗ ತಾನೇ ಬಂದವಳು, ಬೂಟು ಬಿಚ್ಚುತ್ತ, "ಅಮ್ಮಾ, ನೀನು ನೋಡಿದ್ಯಾ, ಕೇಳಿಸ್ಕೊಂಡಿದ್ಯಾ? ಹಾಗಾದ್ರೆ ಜಸ್ಟ್ ಹೇಳ್ಬಿಡು ಲಾ. ಇಷ್ಟೊಂದ್ ಡ್ರಾಮಾ ಯಾಕೆ?" ಎಂದಳು. ಇಪ್ಪತ್ತನಾಲ್ಕು ವರ್ಷಕ್ಕೆ ಎಲ್ಲ ಎಷ್ಟು ಸುಲಭ.

ಸಭೆಯ ಮೊದಲ ಮೂರು ದಿನ ಸುಮ್ಮನೆ ನಡಾವಳಿ ಬರೆದುಕೊಂಡು ಕೂತೆ. ಸೋಮವಾರ, ಮಂಗಳವಾರ, ಬುಧವಾರ. ಕಚ್ಚಾ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ಹೋಗುತ್ತಿದ್ದೆ, ಯಾಕೆಂದು ನನಗೇ ತಿಳಿಯದು. ಎಂಆರ್‌ಟಿ ರೈಲಿನಲ್ಲಿ ಕೂತಾಗ ಅದನ್ನು ಮುಟ್ಟಿ ನೋಡಿಕೊಳ್ಳುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅದೇ ನನ್ನ ಪಾಡು.

ಗುರುವಾರ ಬೆಳಿಗ್ಗೆ ವಿಲಿಯಾಮಿ ಎದ್ದು ನಿಂತ. ಕನ್ನಡಕ, ಒಳ್ಳೆಯ ಸೂಟು, ಮಾತು ಮೆದು. ಹಿರಿಯರ ಬಗ್ಗೆ ನನಗೆ ಗೌರವವಿದೆ, ಆದರೆ ವಯಸ್ಸಿನಲ್ಲಿ ನೆನಪು ಅದಲುಬದಲಾಗುವುದು ಸಹಜ ಎಂದ. ಆಮೇಲೆ ನನ್ನ ಈಮೇಲನ್ನು ಪರದೆಯ ಮೇಲೆ ಹಾಕಿಸಿ ಓದಿದ. ಅಂಗೀಕೃತ ನಡಾವಳಿಯಲ್ಲಿ ಅಂಥ ಪ್ರಸ್ತಾಪ ಇಲ್ಲ. ಕೆಳಗೆ ನನ್ನ ಹೆಸರು, ಇಷ್ಟಗಲ. ಅದೇ ಹೊತ್ತಿನಲ್ಲಿ ನನ್ನ ಕೈ ಅದನ್ನೂ ನಡಾವಳಿಗೆ ಬರೆದುಕೊಳ್ಳುತ್ತಿತ್ತು.

ಟೆಕಾರಾ ಗಾಲಿಕುರ್ಚಿಯಲ್ಲಿ ಕೂತಿದ್ದರು. ಆ ಕೋಣೆಯಲ್ಲಿ ಇವಳೂ ಇದ್ದಳು, ಇವಳನ್ನೇ ಕೇಳಿ ಎಂದು ಅವರು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ನನ್ನ ಕಡೆ ಒಂದು ಸಲ ನೋಡಿದರು, ಸಿಟ್ಟಿನಿಂದ ಅಲ್ಲ. ಆಮೇಲೆ ತಲೆ ತಗ್ಗಿಸಿಕೊಂಡು, "ಬರೆದಿಲ್ಲ ಅಂದರೆ ಬರೆದಿಲ್ಲ. ನನಗೆ ವಯಸ್ಸಾಗಿದೆ" ಎಂದಷ್ಟೇ ಹೇಳಿದರು. ಅವರ ಪಕ್ಕದಲ್ಲಿದ್ದ ಹೆಂಗಸು ಕಾಗದಪತ್ರ ಒಟ್ಟುಮಾಡಿ ಚೀಲಕ್ಕೆ ಹಾಕತೊಡಗಿದಳು. ಹೊರಡುವ ತಯಾರಿ.

ಟೀ ಬಿಡುವಿನಲ್ಲಿ ನಾನು ಟೆಕಾರಾ ಅವರ ಹತ್ತಿರ ಹೋದೆ. "ಸಕ್ಕರೆ ಹಾಕಲೇ?" ಎಂದೆ. ಅವರು ಕಪ್ಪು ತೆಗೆದುಕೊಂಡು, "ನೀನು ಬೇಸರ ಮಾಡಿಕೊಳ್ಳಬೇಡ. ಬರೆಯಬೇಡ ಅಂದವನು ನಾನೇ. ನಿನ್ನ ಕೆಲಸಕ್ಕೆ ಕುತ್ತು ಬರಬಾರದು" ಎಂದರು. ಶೋಭಾ, ಆ ಮನುಷ್ಯ ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಸಿಕೊಂಡು ಸುಮ್ಮನಿರುವುದು ನನಗೆ ಅಭ್ಯಾಸ. ತಾವು ಮರೆಗುಳಿ ಅನ್ನಿಸಿಕೊಂಡು ನನ್ನನ್ನು ಕಾಪಾಡುತ್ತಿದ್ದರು. ಹೆಂಗಸರ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಕಣ್ಣು ತೊಳೆದುಕೊಂಡು ಬಂದು ಕೂತೆ.

ಸಭೆ ಶುರುವಾದ ಕೂಡಲೇ ಕೈ ಎತ್ತಿದೆ. ಹನ್ನೊಂದು ವರ್ಷದಲ್ಲಿ ಆ ಹಾಲಿನಲ್ಲಿ ನಾನು ಕೈ ಎತ್ತಿದ್ದು ಅದೇ ಮೊದಲು. ಅಧ್ಯಕ್ಷರು ಏಸಿ ಕಡಿಮೆ ಮಾಡಬೇಕೇನೋ ಎಂದುಕೊಂಡು ತಲೆಯಾಡಿಸಿದರು. ಮಿಸ್ ಟಾನ್ ಮಾತ್ರ ದೂರದಿಂದಲೇ ಬೇಡ, ಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು.

"ಆ ಈಮೇಲ್ ಬರೆದವಳು ನಾನು. ನಡಾವಳಿಯಲ್ಲಿ ಇಲ್ಲ ಅನ್ನುವುದು ನಿಜ. ಆದರೆ ಮಾತು ಕೊಟ್ಟದ್ದೂ ನಿಜ. ಆ ಕೋಣೆಯಲ್ಲಿ ನಾನಿದ್ದೆ" ಎಂದೆ. ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

ಹಾಲಿನಲ್ಲಿ ಗದ್ದಲ. ವಿಲಿಯಾಮಿ ಪುಸ್ತಕ ತರಿಸಿಕೊಂಡು ಹಿಂದೆ ಮುಂದೆ ತಿರುವಿದ. "ಇದು ಯಾವ ಭಾಷೆ? ಇದರಲ್ಲಿ ಏನಿದೆ ಅಂತ ನೀವು ಹೇಳಿದ್ದನ್ನೇ ನಾವು ನಂಬಬೇಕೇ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಆಗ ಮಿಸ್ ಟಾನ್ ಹಣೆ ಒತ್ತಿಕೊಂಡು, ಹಾಲಿನ ಹಿಂದೆ ಮೈಕು ಪರದೆ ನೋಡಿಕೊಳ್ಳುತ್ತಿದ್ದ ನವನೀತ್‌ನನ್ನು ಕರೆದಳು. ನಮ್ಮ ಐಟಿ ಮ್ಯಾನೇಜರ್, ಹಾಸನದವನು, ನಲವತ್ತು ದಾಟಿದ ಮನುಷ್ಯ. ಹಾಲಿನಲ್ಲಿ ಕನ್ನಡ ಬಲ್ಲ ಇನ್ನೊಬ್ಬ ಅವನೇ. ಪಾಪ, ಅವನು ವೈರು ಕೈಯಲ್ಲಿ ಹಿಡಿದುಕೊಂಡೇ ಬಂದ. ಆ ಪುಟದಲ್ಲಿರುವುದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳು, ಒಂದಕ್ಷರ ಬಿಡಬೇಡ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು.

ಆ ಪುಟದಲ್ಲಿ ಇದ್ದದ್ದು ಇದು, ನಿನಗೂ ನಕಲು ಮಾಡುತ್ತೇನೆ: "ಮಧ್ಯಾಹ್ನ 3.40. ಸಿಯೋನೆ ಅಳ್ತಿದಾರೆ. ಬಿರುಗಾಳಿ, ಮನೆ ಹೋದೋರ ವಿಷಯ. ಈ ಸಲ ನಮಗೆ ಬಿಡಿ, ಮುಂದಿನ ಸರದಿ ಉತ್ತರದ್ದು, ನನ್ನ ಮಾತು ಅಂದ್ರು. ಟೆಕಾರಾ ಒಪ್ಪಿದ್ರು. ನನಗೆ ಬರೀಬೇಡ ಅಂದ್ರು. ಸರಿ. ಬಾಳೆಕಾಯಿ ಚಿಪ್ಸ್ ಮೆತ್ತಗಾಗಿದೆ, ಕೇಟರಿಂಗ್‌ನವನಿಗೆ ಹೇಳ್ಬೇಕು. ಸಿಯೋನೆ ಹಿಂದೆ ಕೂತಿರೋ ಕನ್ನಡಕದ ಹುಡುಗ ಒಂದೇ ಸಮ ಗೊರಕೆ ಹೊಡೀತಿದಾನೆ. ಇಂಥ ಹೊತ್ತಲ್ಲಿ ನಿದ್ದೆ ಹೇಗೆ ಬರುತ್ತೋ ದೇವರೇ ಬಲ್ಲ."

ನವನೀತ್ ಮಾತು ಕೊಟ್ಟ ಸಾಲಿನವರೆಗೆ ಸರಾಗವಾಗಿ ಹೇಳಿದ. ಆಮೇಲೆ ನಿಲ್ಲಿಸಿ ನನ್ನ ಕಡೆ ಬಗ್ಗಿ, "ಮೇಡಂ, ಮುಂದಿಂದೂ ಓದ್ಲಾ? ಸ್ವಲ್ಪ ಪರ್ಸನಲ್ ಇದೆ" ಎಂದು ಪಿಸುಗುಟ್ಟಿದ. ಮೈಕು ಆನ್ ಇತ್ತು. "ಓದಿಬಿಡಪ್ಪ" ಎಂದೆ. ಓದಿಬಿಟ್ಟ, ಚಿಪ್ಸಿನಿಂದ ಹಿಡಿದು ಗೊರಕೆಯವರೆಗೆ.

ಎಲ್ಲರ ಕಣ್ಣೂ ವಿಲಿಯಾಮಿಯ ಕನ್ನಡಕದ ಮೇಲೆ. ಅವನೇ ಅಂದು ಸಿಯೋನೆಯ ಹಿಂದೆ ಕೂತಿದ್ದ ಅಧಿಕಾರಿ. ನನಗೆ ಆವತ್ತಿನ ಹುಡುಗನೇ ಈಗಿನ ಮಂತ್ರಿ ಎಂದು ಆ ಗಳಿಗೆಯವರೆಗೆ ಹೊಳೆದಿರಲಿಲ್ಲ ನೋಡು. ಅವನು ದಪ್ಪಗಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಅವನ ಕಿವಿ ಕೆಂಪಾಯಿತು. ಆಮೇಲೆ ಭುಜ ಕುಲುಕಿಸಿ ನಗತೊಡಗಿದ. "ಬಿರುಗಾಳಿಯಾದ ಮೇಲೆ ನಾಲ್ಕು ದಿನ ಮಲಗಿರಲಿಲ್ಲ. ಆ ಕೋಣೆ ತಣ್ಣಗಿತ್ತು. ಆ ಮಧ್ಯಾಹ್ನ ಏನು ಮಾತಾಯಿತು ಅಂತ ನಾನು ಇಷ್ಟು ವರ್ಷ ಯಾರನ್ನೂ ಕೇಳಲೇ ಇಲ್ಲ. ಕೇಳಿದರೆ ನಿದ್ದೆ ಮಾಡಿದ್ದು ಗೊತ್ತಾಗುತ್ತದಲ್ಲ" ಎಂದ. ಹಾಲಿಗೆ ಹಾಲೇ ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಆ ಜನರ ಮರ್ಯಾದೆ ನನಗೆ ಅರ್ಥವಾದದ್ದು ಆಗ. ಹಾವೆರೋದವರು ಸುಳ್ಳು ಹೇಳಿದರು ಎಂದಾಗಿದ್ದರೆ ಅವರು ಎದ್ದು ಹೋಗುತ್ತಿದ್ದರು, ಕೂಟ ಆ ಕಡೆಯಿಂದ ಮುರಿಯುತ್ತಿತ್ತು. ನಿದ್ದೆ ಬಂದಿತ್ತು ಎಂದರೆ ಯಾರ ಮುಖಕ್ಕೂ ಮಸಿಯಿಲ್ಲ. ವಿಲಿಯಾಮಿ ಸೂಟಿನಲ್ಲೇ ಮೇಜು ಸುತ್ತಿ ಬಂದು ಟೆಕಾರಾ ಅವರ ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕಾಲು ಮಡಚಿ ಕೂತು, ತಲೆ ಬಗ್ಗಿಸಿದ. ಅವರಲ್ಲಿ ಹಿರಿಯರಲ್ಲಿ ತಪ್ಪೊಪ್ಪುವ ರೀತಿ ಅದು; ಬಾಯಲ್ಲಿ ಏನೂ ಹೇಳುವುದಿಲ್ಲ. ಮುದುಕರು ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅವನ ಕೆನ್ನೆ ಹಿಂಡಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಉತ್ತರದವರೆಲ್ಲ ಮತ್ತೆ ನಕ್ಕರು. ಟೆಕಾರಾ ಪಕ್ಕದ ಆ ಹೆಂಗಸು ಚೀಲದಿಂದ ಕಾಗದಗಳನ್ನು ಹೊರತೆಗೆದು ಮೇಜಿನ ಮೇಲೆ ಜೋಡಿಸಿದಳು.

ಶುಕ್ರವಾರ ಮಧ್ಯಾಹ್ನ ಉತ್ತರದವರ ಹೆಸರನ್ನು ಏಳೂ ದೇಶ ಒಪ್ಪಿದವು. ಕೂಟ ಉಳಿಯಿತು. ಕೊನೆಗೆ ಅವರು ನಿಂತು ಹಾಡಿದರು. ಆ ದಪ್ಪ ದಪ್ಪ ಗಂಡಸರು ನಾಲ್ಕು ಸ್ವರದಲ್ಲಿ ಹಾಡಿದರೆ ಗೋಡೆಯ ಗಡಿಯಾರವೂ ಅದುರುತ್ತದೆ. ನಾನು ಪೆನ್ನಿನ ಮುಚ್ಚಳ ಹಾಕಿ ಕೂತು ಕೇಳಿದೆ. ಎದೆಯ ಮೇಲಿನ ಕಲ್ಲು ಇಳಿಯಿತು ಅಂತಾರಲ್ಲ, ನನಗೆ ನಿಜವಾಗಿ ಎದೆ ಹಗುರವಾಗಿ ಹಸಿವಾಯಿತು. ನವನೀತ್ ಒಂದು ತಟ್ಟೆ ಚಿಪ್ಸ್ ತಂದು ನನ್ನ ಮುಂದಿಟ್ಟು, "ಗರಿಗರಿ ಇದೆ ಮೇಡಂ, ಚೆಕ್ ಮಾಡಿದೀನಿ" ಎಂದ. ಇನ್ನು ಆಫೀಸಿನಲ್ಲಿ ನನಗೆ ಇದರಿಂದ ಬಿಡುಗಡೆಯಿಲ್ಲ.

ನನಗೆ ಏನಾಯಿತು ಎಂದು ಕೇಳುತ್ತೀಯ. ಮಿಸ್ ಟಾನ್ ಸೋಮವಾರ ಕರೆದಳು. ಬೈಯಲಿಲ್ಲ. "ಇನ್ನು ಈ ಕೂಟದ ನಡಾವಳಿಗೆ ನಿನ್ನನ್ನು ಹಾಕೋಕೆ ಆಗಲ್ಲ. ಮಾರ್ಚಲ್ಲಿ ರಿನ್ಯೂವಲ್ ಬಗ್ಗೆ ನಾನು ಪ್ರಾಮಿಸ್ ಮಾಡಲ್ಲ" ಎಂದಳು. ಆಮೇಲೆ ತನ್ನ ಡ್ರಾಯರಿನಿಂದ ಅನಾನಸ್ ಟಾರ್ಟಿನ ಡಬ್ಬಿ ತೆಗೆದು ಕೈಗಿಟ್ಟಳು. ಕೆಲಸ ಹೋದರೂ ಹೋಗಬಹುದು. ನಿಮ್ಮ ಭಾವ "ಹೋದ್ರೆ ಹೋಗ್ಲಿ ಬಿಡು, ನಂದು ಇನ್ನೂ ಎರಡು ವರ್ಷ ಇದೆಯಲ್ಲ" ಎಂದು ಈ ಸಲ ಗೋಡೆಯ ಈ ಕಡೆಗೇ ಇಳಿದು ಹೇಳಿದರು. ನನಗೆ ಆಶ್ಚರ್ಯ ಏನೆಂದರೆ, ಭಯವಾಗಲಿಲ್ಲ. ಆರು ತಿಂಗಳಿಂದ ಆ ಒಂದು ಸಾಲಿನ ಜಾಣತನ ಹೊತ್ತುಕೊಂಡು ಓಡಾಡಿದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆ ಗುರುವಾರದಿಂದ ನಿದ್ದೆ ಚೆನ್ನಾಗಿ ಬರುತ್ತಿದೆ.

ಟೆಕಾರಾ ಊರಿಗೆ ಹೊರಡುವ ಮುಂಚೆ ಒಂದು ಹೆಣೆದ ಚಾಪೆ ಕೊಟ್ಟುಹೋದರು, ಅವರ ಸೊಸೆ ಹೆಣೆದದ್ದಂತೆ. ನಿನಗೆ ಅಂಥ ಹೆಣಿಗೆ ಇಷ್ಟ. ಯಾವ ಗಿಡದ ಗರಿ ಎಂದು ನೀನೇ ಹೇಳಬೇಕು. ಫೋಟೋ ಕಳಿಸುತ್ತೇನೆ. ಈ ಸಲವಾದರೂ ಕೈ ಮುಗಿದ ಚಿತ್ರ ಬೇಡ ಮಾರಾಯ್ತಿ, ಗಿಡದ ಹೆಸರು ಬರೆ.

ಶ್ರೀಯಾ ಚಿಕ್ಕಮ್ಮನಿಗೆ ನಮಸ್ಕಾರ ಹೇಳಿದ್ದಾಳೆ. ಡಿಸೆಂಬರಿಗೆ ಬಂದು ನಿನ್ನ ಜೊತೆ ಹದಿನೈದು ದಿನ ಇರುತ್ತಾಳಂತೆ, ನನ್ನನ್ನು ಕೇಳದೆ ಟಿಕೆಟ್ ಬುಕ್ ಮಾಡಿದ್ದಾಳೆ. ದಸರೆಗೆ ಬೊಂಬೆ ಇಡು, ಒಬ್ಬಳೇ ಎಂದು ಬಿಡಬೇಡ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಸೋಮಾರಿತನದಿಂದ ತಪ್ಪಿಸಬೇಡ. ಚಾಮುಂಡೇಶ್ವರಿ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ವತ್ಸಲಾ

ತಾ.ಕ.: ಇಷ್ಟುದ್ದ ಬರೆದದ್ದು ಇದಕ್ಕಾಗಿ. 1995ರ ಆಗಸ್ಟ್ ತಿಂಗಳು. ಅಮ್ಮನಿಗೆ ಪಾರ್ಶ್ವವಾಯು ಬಡಿದು ಆರು ವಾರವಾಗಿತ್ತು. ನಿನಗೆ ಕೆನಡಾದಿಂದ, ನನಗೆ ಸಿಂಗಪುರದಿಂದ, ಒಂದೇ ವಾರದಲ್ಲಿ ಸೀಟಿನ ಕಾಗದ ಬಂದಿತ್ತು. ನೀನು ಹಿತ್ತಲಲ್ಲಿ ಅಮ್ಮನ ಬಟ್ಟೆ ಹಿಂಡುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು, "ಮೂರು ವರ್ಷ ನೀನು ಅಮ್ಮನ್ನ ನೋಡ್ಕೋ ಶೋಭಾ. ಓದು ಮುಗಿಸಿ ನಾನು ವಾಪಸ್ ಬರ್ತೀನಿ, ಆಮೇಲೆ ನಿನ್ನ ಸರದಿ, ನೀನು ಹೋಗು" ಎಂದೆ. ನೀನು ಸರಿ ಅಕ್ಕ ಎಂದು ಬಟ್ಟೆ ಒಣಹಾಕಲು ಹೋದೆ. ಇಪ್ಪತ್ತೊಂಬತ್ತು ವರ್ಷ ನಾನು ವಾಪಸ್ ಬಂದು ನಿಲ್ಲಲಿಲ್ಲ. ವರ್ಷಾಬ್ದಿಕದ ದಿನ ಪಂಕ್ತಿಯಲ್ಲಿ ನೀನು ಆ ಮಾತು ಎತ್ತಿದಾಗ, "ನಾನು ಯಾವಾಗ ಹಾಗಂದೆ? ಯಾರ ಎದುರಿಗೆ ಅಂದೆ?" ಎಂದು ಕೇಳಿದೆ. ಸೀತಾ ಚಿಕ್ಕಮ್ಮ, ಪಾಪ, ರೋಗಿಯ ಜೊತೆ ಇದ್ದೂ ಇದ್ದೂ ಶೋಭಾಗೆ ಏನೇನೋ ಭ್ರಮೆ ಎಂದಳು. ಅನಂತರಾಮಣ್ಣ ಹೂಂ ಎಂದ. ನಾನು ಸುಮ್ಮನೆ ಇನ್ನೊಂದು ವಡೆ ಹಾಕಿಸಿಕೊಂಡೆ. ನಾನು ಹಾಗೆ ಹೇಳಿದ್ದೆ ಶೋಭಾ. ಒಂದು ದಿನವೂ ಮರೆತಿರಲಿಲ್ಲ. ಕ್ಷಮಿಸು ಎಂದು ಕೇಳಲು ಇನ್ನೂ ಬಾಯಿ ಬರುತ್ತಿಲ್ಲ. ಆವತ್ತು ಪಂಕ್ತಿಯಲ್ಲಿದ್ದ ಹನ್ನೊಂದು ಜನರಿಗೂ ಮೊನ್ನೆ ಒಂದೊಂದು ಕಾಗದ ಬರೆದು, ಶೋಭಾ ಹೇಳಿದ್ದು ನಿಜ, ಸುಳ್ಳು ಹೇಳಿದವಳು ನಾನು ಎಂದು ತಿಳಿಸಿ ಪೋಸ್ಟ್ ಮಾಡಿದ್ದೇನೆ. ಅವು ಒಂದು ಸಂಜೆಯಲ್ಲಿ ಮುಗಿದವು. ನಿನ್ನದಕ್ಕೆ ನಾಲ್ಕು ದಿನ ಹಿಡಿಯಿತು.